ಕುದುರೆಗೆ ಐದು ನಕ್ಷತ್ರ, ನೆಲಕ್ಕೆ ಒಂದು

ಬಳ್ಳಾರಿಯ ಹೊರವಲಯದ ಈ ಸವಾರಿ ಕ್ಲಬ್‌ಗೆ ನಾನು ಸೇರಿದ್ದು 2023ರ ಕೊನೆಯಲ್ಲಿ. ಆ ವರ್ಷ ಹಾಂಗ್ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸಾಜ್‌ನಲ್ಲಿ, ಅಂದರೆ ಸವಾರರ ಸನ್ನೆಗೆ ತಕ್ಕಂತೆ ಕುದುರೆ ಲಯವಾಗಿ ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಭಾರತದ ತಂಡ ಚಿನ್ನ ಗೆದ್ದಿತ್ತು. ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ನಮಗೆ 41 ವರ್ಷಗಳ ನಂತರ ದಕ್ಕಿದ ಚಿನ್ನ ಅದು. ಆ ವಿದ್ಯೆಯನ್ನು ನಮ್ಮೂರಲ್ಲೇ ಕಲಿಸುತ್ತಾರೆಂದು ಗೊತ್ತಾದಾಗ, ಬ್ಯಾಂಕಿನ ಕೆಲಸ, ಮನೆ, ಮಗನ ಟ್ಯೂಷನ್ನುಗಳ ನಡುವೆಯೂ ಹೆಸರು ಕೊಟ್ಟುಬಿಟ್ಟೆ. ಶುಲ್ಕದ ಪಟ್ಟಿ, ತರಗತಿಗಳ ವೇಳೆ ಎಲ್ಲವನ್ನೂ ಬೇರೆಯವರು ತಮ್ಮ ವಿಮರ್ಶೆಗಳಲ್ಲಿ ಬರೆದಿದ್ದಾರೆ. ನೆಲದ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಟ್ಟಿಲ್ಲ.

ಡ್ರೆಸ್ಸಾಜ್‌ಗೆ 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳ ಬೇಕು. ಮೇಲಿನ ಹಂತಗಳಿಗೆ ಉದ್ದ 60 ಮೀಟರ್. ಇಲ್ಲಿ ಚಿಕ್ಕ ಅಂಗಳವಿದೆ, ಅಳತೆ ಸರಿಯಾಗಿಯೇ ಇದೆ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂದು ತೋರಿಸುವ ಸುತ್ತಲಿನ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಕ್ಷರಗಳನ್ನು ಖಾಲಿ ಪೇಂಟ್ ಡಬ್ಬಿಗಳ ಮೇಲೆ ಬರೆದಿಟ್ಟಿದ್ದಾರೆ, ಅದಕ್ಕೂ ನನ್ನ ತಕರಾರಿಲ್ಲ. ಎರೆಮಣ್ಣಿನ ಮೇಲೆ ಗರಸು ಹೊಡೆದು, ಅದರ ಮೇಲೆ ತೆಳ್ಳಗೆ ಮರಳು ಹರಡಿ ಕೈತೊಳೆದುಕೊಂಡಿದ್ದಾರಲ್ಲ, ತಕರಾರು ಅದಕ್ಕೆ. ದಿನವೂ ನೀರು ಹೊಡೆದು ಹಲುಬೆ ಎಳೆದರೆ ಇದೇ ನೆಲ ಚೆನ್ನಾಗಿರುತ್ತದೆ. ಆ ಸೇವೆ ನಡೆಯುವುದು ಗಣ್ಯರು ಬರುವ ದಿನ ಮಾತ್ರ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು. ಏಪ್ರಿಲ್ ಹೊತ್ತಿಗೆ ಮರಳು ಗಾಳಿಗೆ ಹಾರಿ ಮೂಲೆ ಸೇರುತ್ತದೆ, ಗರಸು ಮೇಲೇಳುತ್ತದೆ. ಎಲ್ಲರೂ ಅಂಚಿನ ಒಂದೇ ಸಾಲಿನಲ್ಲಿ ಓಡಿಸಿ ಓಡಿಸಿ, ಅಲ್ಲಿ ಬಂಡಿಜಾಡಿನಂತೆ ತಗ್ಗು ಬಿದ್ದಿದೆ. ಮಳೆ ಬಂದರೆ ಕೆ ಮತ್ತು ಇ ನಡುವೆ ಎರೆ ಉಕ್ಕಿ ಬಂದು ಲಾಳಕ್ಕೆ ಮೆತ್ತಿಕೊಳ್ಳುತ್ತದೆ.

ಸವಾರಿಗೆ ಇದರಿಂದ ಏನು ತೊಂದರೆ ಎನ್ನುವವರು ಗಟ್ಟಿ ನೆಲದ ಮೇಲೆ ಒಮ್ಮೆ ಟ್ರಾಟ್ (ನಡಿಗೆಗಿಂತ ಚುರುಕಾದ ಕುಕ್ಕುಲೋಟ) ಮಾಡಿಸಿ ನೋಡಲಿ. ಕುದುರೆ ಹೆಜ್ಜೆಯನ್ನು ಕಿರಿದು ಮಾಡಿ ಬೆನ್ನು ಬಿಗಿಹಿಡಿಯುತ್ತದೆ. ಡ್ರೆಸ್ಸಾಜ್‌ನಲ್ಲಿ ಅಂಕ ಬರುವುದೋ ಬೆನ್ನು ಸಡಿಲವಾಗಿ, ಹೆಜ್ಜೆಯ ಲಯ ಒಂದೇ ಸಮನಿದ್ದಾಗ. ಕಳೆದ ಬೇಸಿಗೆಯಲ್ಲಿ ನನ್ನ ಪಾಲಿನ ಕುದುರೆ ಮುಂಗಾಲು ಕುಂಟತೊಡಗಿತು. ಅದಕ್ಕೆ ವಿಶ್ರಾಂತಿ ಕೊಟ್ಟರು, ಅದು ನ್ಯಾಯವೇ. ಬೇರೆ ಕುದುರೆ ಕೊಡಲಿಲ್ಲ, ಶುಲ್ಕ ಮಾತ್ರ ಪೂರ್ತಿ ವಸೂಲಾಯಿತು. ವಿಜಯನಗರದ ಸಾಳುವ ನರಸಿಂಗನಿಗೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತೆಂದು ಪೋರ್ಚುಗೀಸ್ ವ್ಯಾಪಾರಿ ಫರ್ನಾವೊ ನ್ಯೂನಿಜ್ ಬರೆದಿದ್ದಾನೆ. ಹಂಪಿ ಇಲ್ಲಿಗೆ ದೂರವೇನಿಲ್ಲ. ಆ ಸಂಪ್ರದಾಯವನ್ನು ನಮ್ಮ ಕ್ಲಬ್ ಸದಸ್ಯರ ಖರ್ಚಿನಲ್ಲಿ ಉಳಿಸಿಕೊಂಡು ಬಂದಿದೆ.

ಇಷ್ಟೆಲ್ಲ ಬೈದುಕೊಂಡರೂ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆಯುವ ಮೊದಲೇ ಏಳುತ್ತೇನೆ. ಅದಕ್ಕೆ ಕಾರಣ ಚಾಂದನಿ. ಬೆಂಗಳೂರಿನ ರೇಸಿನಿಂದ ನಿವೃತ್ತಳಾಗಿ ಬಂದ ಕಂದು ಬಣ್ಣದ ಹೆಣ್ಣು ಕುದುರೆ. ಲಾಯದ ಹಿರಿಯ ಸೈಸರನ್ನು ಎಲ್ಲರೂ ಚಾಚಾ ಎನ್ನುತ್ತೇವೆ. ಅವರ ಲಾಯದಲ್ಲಿ ಒಂದೇ ಕಟ್ಟಳೆ: "ಅಮ್ಮಾ, ಮೊದಲು ಕಾಲು, ಆಮೇಲೆ ಜೀನು." ಚಾಂದನಿಯ ಮೊಣಕಾಲಿನ ಹಿಂದಿನಿಂದ ಕೆಳಕ್ಕೆ ಕೈ ಜಾರಿಸಿದರೆ ತಾನೇ ಕಾಲೆತ್ತಿ ನನ್ನ ಕೈಗೆ ಕೊಡುತ್ತಾಳೆ. ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಎಳೆಯಬೇಕು. ಗೊರಸಿನ ನಡುವಿನ ಮುಕ್ಕೋನದ ಮೆತ್ತನೆಯ ಭಾಗಕ್ಕೆ ತಾಗಿಸಬಾರದು. ಲಾಳದ ಒಳಗೆ ಸಿಕ್ಕಿಕೊಂಡ ಗರಸಿನ ಕಲ್ಲು ಟಕ್ಕೆಂದು ಹಾರಿದಾಗ ನನಗೇ ಹಾಯೆನಿಸುತ್ತದೆ. ಆಮೇಲೆ ರಬ್ಬರ್ ಬ್ರಷ್‌ನಿಂದ ಕುತ್ತಿಗೆ, ಹೆಗಲು, ಬೆನ್ನು. ಹೆಗಲ ಮೇಲಿನ ಒಂದು ಜಾಗದಲ್ಲಿ ಉಜ್ಜಿದರೆ ಮೇಲ್ತುಟಿಯನ್ನು ಉದ್ದ ಮಾಡಿ ಅಲ್ಲಾಡಿಸುತ್ತಾಳೆ. ಹೊಟ್ಟೆಯ ಪಟ್ಟಿ ಬಿಗಿಯುವಾಗ ಉಸಿರು ತುಂಬಿಕೊಂಡು ಉಬ್ಬುವುದು ಅವಳ ಹಳೆಯ ಚಾಳಿ; ನಾಲ್ಕು ಹೆಜ್ಜೆ ನಡೆಸಿ ಮತ್ತೆರಡು ತೂತು ಬಿಗಿಯಬೇಕು. ಅಷ್ಟರಲ್ಲಿ ಚಾಚಾ ಬಕೆಟ್‌ನಲ್ಲಿ ನೆನೆಸಿದ ಹುರುಳಿ ಕಲಸುತ್ತಿರುತ್ತಾರೆ, ಅವಳ ಕಿವಿ ಎರಡೂ ಅತ್ತಲೇ.

"ಓಡುವ ಕುದುರೆಯನ್ನು ನಿಲ್ಲಿಸಲು ದುಡ್ಡು ಕೊಟ್ಟು ಕಲಿಯುತ್ತಿದ್ದೀಯೇನಮ್ಮ?" ಎಂದು ಅತ್ತೆ ಕೇಳಿದ್ದರು. ಹೌದು, ಅದನ್ನೇ. ಎ ಬಳಿ ಒಳಬಂದು ನಡುಗೆರೆಯಲ್ಲಿ ನೇರ ಸಾಗಿ, ಯಾವ ಡಬ್ಬಿಯೂ ಇಲ್ಲದ ಎಕ್ಸ್ ಎಂಬ ನಟ್ಟನಡುವಿನ ಬಿಂದುವಿನಲ್ಲಿ ನಿಂತು ತೀರ್ಪುಗಾರರಿಗೆ ವಂದಿಸಬೇಕು. ಲಗಾಮು ಜಗ್ಗಿದರೆ ಚಾಂದನಿ ತಲೆ ಎತ್ತಿ, ಒಂದು ಹಿಂಗಾಲನ್ನು ಹಿಂದೆಯೇ ಬಿಟ್ಟು ಓರೆಯಾಗಿ ನಿಲ್ಲುತ್ತಾಳೆ. ಜಗ್ಗದೆ, ಜೀನಿನಲ್ಲಿ ಭಾರವಾಗಿ ಕುಳಿತು, ಕಾಲುಗಳನ್ನು ಪಕ್ಕೆಗೆ ಮೆಲ್ಲನೆ ಒತ್ತಿ, ಬೆರಳುಗಳನ್ನಷ್ಟೇ ಮುಚ್ಚಿದರೆ ನಾಲ್ಕೂ ಕಾಲುಗಳು ಚೌಕವಾಗಿ ನೆಲ ಹಿಡಿಯುತ್ತವೆ. ಓಡಲೆಂದೇ ಬೆಳೆಸಿದ ಪ್ರಾಣಿ ನನ್ನ ಬೆರಳಿನ ಮಾತು ಕೇಳಿ ಕದಲದೆ ನಿಲ್ಲುತ್ತದೆ! ಈ ಸುಖ ಸಿಗುತ್ತದೆಂದು ಕ್ಲಬ್‌ನ ಕರಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಕ್ಲಬ್ಬಿನೊಳಗೇ ನಡೆದ ಸ್ಪರ್ಧೆಯಲ್ಲಿ ನಿಲುಗಡೆಗೆ ಹತ್ತಕ್ಕೆ 7 ಬಂತು. 20 ಮೀಟರ್ ವೃತ್ತಕ್ಕೆ 4. ಕೆ ದಾಟಿದೊಡನೆ ಕೆಸರು ತಪ್ಪಿಸಿ ಒಳಗೆ ಸರಿದರೆ ವೃತ್ತ ದುಂಡಗೆ ಬರುವುದಾದರೂ ಹೇಗೆ?

ಉಡುಪಿನ ಬಗ್ಗೆ ಒಂದು ಮಾತು. ಜೀನ್ಸ್‌ನ ಊರಿನವರಾದರೂ ಜೀನ್ಸ್ ತೊಟ್ಟು ಟ್ರಾಟ್ ಮಾಡಬೇಡಿ. ಒಳಹೊಲಿಗೆ ಮೊಣಕಾಲಿನ ಚರ್ಮ ಸುಲಿಯುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಸವಾರಿ ಪ್ಯಾಂಟಿನ ಬೆಲೆ ನನ್ನ ಕೈಗೆಟುಕಲಿಲ್ಲ. ಕೌಲ್ ಬಜಾರಿನ ದರ್ಜಿಯೊಬ್ಬರ ಬಳಿ ಹೋದೆ. "ಒಳಹೊಲಿಗೆ ಇಲ್ಲದೆ ಪ್ಯಾಂಟ್ ಹೇಗೆ ಮೇಡಂ?" ಎಂದು ಮೊದಲು ನಕ್ಕರು. ನಂತರ ಹಿಗ್ಗುವ ಡೆನಿಮ್ ತೆಗೆದು, ಹೊಲಿಗೆಯನ್ನು ಹೊರಪಕ್ಕಕ್ಕೆ ಸರಿಸಿ, ಮೊಣಕಾಲಿನ ಒಳಬದಿಗೆ ಇನ್ನೊಂದು ಪದರ ಹಚ್ಚಿ ಕೊಟ್ಟರು. ಆನ್‌ಲೈನ್ ಬೆಲೆಯ ಮೂರನೇ ಒಂದು ಭಾಗವೂ ಆಗಲಿಲ್ಲ, ಇನ್ನೂ ಒಂದು ದಾರ ಬಿಟ್ಟಿಲ್ಲ. ಹೆಲ್ಮೆಟ್ ಸ್ವಂತದ್ದನ್ನೇ ಒಯ್ಯಿರಿ. ಕ್ಲಬ್ ಕೊಡುವುದನ್ನು ಮೂಸಿ ನೋಡಿದರೆ ಕಾರಣ ತಿಳಿಯುತ್ತದೆ.

ಸೇರುವುದಿದ್ದರೆ ನವೆಂಬರ್‌ನಲ್ಲಿ ಸೇರಿ. ಅಂಗಳವನ್ನು ವಾರದ ನಡುವೆ, ಯಾರಿಗೂ ಹೇಳದೆ ಹೋಗಿ ನೋಡಿ. ರಿಯಾಯಿತಿಯ ಆಸೆಗೆ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ. ನೀರಿನ ವಿಷಯ ಕೇಳಿದಾಗಲೆಲ್ಲ ಟ್ಯಾಂಕರ್ ದುಬಾರಿ ಎಂಬುದೇ ಕಚೇರಿಯ ಉತ್ತರ. ಸದಸ್ಯರೇ ಚಂದಾ ಎತ್ತಿ ಟ್ಯಾಂಕರ್ ತರಿಸೋಣ ಎಂಬ ಮಾತು ಈಗ ಎದ್ದಿದೆ. ನಾನು ಒಪ್ಪಿಲ್ಲ, ತಿಂಗಳ ಶುಲ್ಕದಲ್ಲಿ ನೆಲವೂ ಸೇರಿದೆ ಎಂದು ಬರೆದುಕೊಟ್ಟು ಬಂದಿದ್ದೇನೆ.