ಹೊಸಬರಿಗೆ ನಿಟ್-ಅಲಾಂಗ್: ಸೇರುವ ಮುನ್ನ ಏನು ನೋಡಬೇಕು

ಎಲ್ಲರೂ ಒಂದೇ ಮಾದರಿಯನ್ನು ಒಂದೇ ವೇಳಾಪಟ್ಟಿಯಲ್ಲಿ ಹೆಣೆಯುವ ನಿಟ್-ಅಲಾಂಗ್ ಗುಂಪು ಹೆಣಿಗೆ ಕಲಿಯಲು ನಿಜಕ್ಕೂ ಒಳ್ಳೆಯ ದಾರಿ. ಆದರೆ ಮೊದಲ ಮಾದರಿ ಮಫ್ಲರ್ ಆಗಿರಲಿ. ಸ್ವೆಟರ್‌ನಿಂದಲೇ ಶುರುಮಾಡುವ ಗುಂಪು ಹೊಸಬರಿಗೆ ಬೇಡ.

5 ಮಿ.ಮೀ. ಬಿದಿರಿನ ಕಡ್ಡಿ, ಮಧ್ಯಮ ದಪ್ಪದ ತಿಳಿಬಣ್ಣದ ಉಲ್ಲನ್ ದಾರ ಸಾಕು. ಲೋಹದ ಕಡ್ಡಿಯಿಂದ ಕುಣಿಕೆ (ಕಡ್ಡಿಯ ಮೇಲಿನ ದಾರದ ಸುತ್ತು) ಬೇಗ ಜಾರುತ್ತದೆ. ಕಪ್ಪು ದಾರದಲ್ಲಿ ಕುಣಿಕೆ ಸರಿಯಾಗಿ ಕಾಣುವುದೇ ಇಲ್ಲ.

ಗುಂಪಿನ ದೊಡ್ಡ ಲಾಭ ತಪ್ಪು ಹಿಡಿಯುವುದರಲ್ಲಿದೆ. 30 ಕುಣಿಕೆ ಹಾಕಿದ್ದು ನಾಲ್ಕಾರು ಸಾಲಿನಲ್ಲಿ 34 ಆಗುವುದು ಹೊಸಬರಲ್ಲಿ ತೀರಾ ಸಾಮಾನ್ಯ. ಹೆಚ್ಚಿನ ಸಲ ಕಾರಣ ಅಂಚಿನಲ್ಲಿರುತ್ತದೆ. ಕಡ್ಡಿ ತಿರುಗಿಸಿದಾಗ ದಾರವನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಎರಡರಂತೆ ಕಾಣುತ್ತದೆ, ಎರಡನ್ನೂ ಹೆಣೆದುಬಿಡುತ್ತಾರೆ. ದಾರ ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ಹೋಗಬೇಕು. ಸಾಲಿನ ನಡುವೆ ತೂತು ಕಂಡು, ಕುಣಿಕೆಯೂ ಹೆಚ್ಚಿದ್ದರೆ ದಾರ ಮುಂದಕ್ಕೆ ಬಂದು ಕಡ್ಡಿಗೆ ಸುತ್ತಿಕೊಂಡಿದೆ ಎಂದರ್ಥ. ಪ್ರತಿ ಸಾಲಿನ ಕೊನೆಗೆ ಎಣಿಸಿದರೆ ಬಿಚ್ಚುವ ಕೆಲಸ ಒಂದೇ ಸಾಲಿಗೆ ಮುಗಿಯುತ್ತದೆ. ಜಾರಿದ ಕುಣಿಕೆಯನ್ನು ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಬಹುದು. ಗಾಬರಿಯಿಂದ ಎಲ್ಲ ಬಿಚ್ಚಬೇಡಿ.

ಮೊದಲ ಸಾಲು ಬಿಗಿಯಾಗಿ ಕಡ್ಡಿ ತೂರದಿದ್ದರೆ 5.5 ಮಿ.ಮೀ. ಕಡ್ಡಿಯಲ್ಲಿ ಕುಣಿಕೆ ಹಾಕಿ, ಆಮೇಲೆ 5ಕ್ಕೆ ಬನ್ನಿ.

ವೇಗವೇ ಇಂಥ ಗುಂಪುಗಳ ತೊಂದರೆ. ವಾರಕ್ಕೆ 15 ಸೆಂ.ಮೀ. ಮಫ್ಲರ್ ಎಂದರೆ ನಿಭಾಯಿಸಬಹುದು, ಅದಕ್ಕಿಂತ ಹೆಚ್ಚಾದರೆ ಹೊಸಬರು ಹಿಂದುಳಿಯುತ್ತಾರೆ. ವಿಡಿಯೊ ಹಾಕಿ ಸುಮ್ಮನಾಗುವ ಗುಂಪಿಗೆ ಹಣ ಕೊಡಬೇಡಿ; ನಿಮ್ಮ ಹೆಣಿಗೆಯ ಫೋಟೊ ನೋಡಿ ಯಾವ ಸಾಲಿನಲ್ಲಿ ಏನಾಗಿದೆ ಎಂದು ಹೇಳುವವರು ಇದ್ದಾರೆಯೇ ಎಂದು ಮೊದಲೇ ಕೇಳಿ.