ಲಿಯೋ ಬೆಕ್ ಸಂಸ್ಥೆಯ ಆನ್‌ಲೈನ್ ಸಂಗ್ರಹ: ಜರ್ಮನಿಯ ಯಹೂದಿ ಹೆಣ್ಣುಮಕ್ಕಳ ಬದುಕು ಹುಡುಕುವವರಿಗೆ ಎಷ್ಟು ಉಪಯೋಗ?

ಜರ್ಮನಿಯ ಯಹೂದಿ ಹೆಂಗಸೊಬ್ಬಳ ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಅವಳ ಸಾವು: ಯಾವ ತಾರೀಕಿನ ರೈಲು, ನಾಜಿಗಳ ಯಾವ ಶಿಬಿರ. ಅದಕ್ಕೂ ಮುಂಚೆ ಅವಳು ಯಾವ ಶಾಲೆಗೆ ಹೋದಳು, ಮನೆಗೆಲಸದವಳಿಗೆ ಎಷ್ಟು ಸಂಬಳ ಕೊಟ್ಟಳು, ಯಾವ ಸಂಘಕ್ಕೆ ಚಂದಾ ಕಟ್ಟಿದಳು, ಮಗಳ ಮದುವೆಗೆ ಏನೇನು ಜೋಡಿಸಿಟ್ಟಳು ಎಂಬುದು ಬೇಕಾದರೆ ಲಿಯೋ ಬೆಕ್ ಸಂಸ್ಥೆಯ ಡಿಜಿಟಲ್ ಸಂಗ್ರಹಕ್ಕೇ ಹೋಗಬೇಕು. ಶುಲ್ಕವಿಲ್ಲ, ಓದುವುದಕ್ಕೆ ಸದಸ್ಯತ್ವ ಬೇಕಿಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಒಂದು ಅಂಕ ಕಡಿಮೆಯಾಗುವುದು ಹುಡುಕಾಟದ ತೊಡಕಿಗೆ, ಸರಕಿನಲ್ಲಿ ಕೊರತೆಯಿಲ್ಲ.

ಜರ್ಮನ್ ಯಹೂದಿಗಳ ಇತಿಹಾಸ ಕಾಪಾಡುವ ಈ ಸಂಸ್ಥೆ ಶುರುವಾದದ್ದು 1955ರಲ್ಲಿ, ಜೆರುಸಲೇಂ, ಲಂಡನ್, ನ್ಯೂಯಾರ್ಕ್ ಮೂರು ಕಡೆ. ಬರ್ಲಿನ್ನಿನಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆಗಿದ್ದು ನಾಜಿಗಳ ಥೆರೇಸಿಯನ್‌ಷ್ಟಾಟ್ ಶಿಬಿರದಿಂದ ಬದುಕಿ ಬಂದ ಲಿಯೋ ಬೆಕ್ ಅದರ ಮೊದಲ ಅಧ್ಯಕ್ಷರು. ದೇಶ ಬಿಟ್ಟು ಹೋದವರು ಟ್ರಂಕಿನಲ್ಲಿ ಹೊತ್ತೊಯ್ದ ಕಾಗದಪತ್ರಗಳನ್ನು ನ್ಯೂಯಾರ್ಕ್ ಶಾಖೆ ಕೂಡಿಸುತ್ತ ಬಂತು. 2012ರಲ್ಲಿ ಅವನ್ನೆಲ್ಲ ಸ್ಕ್ಯಾನ್ ಮಾಡಿ ‘ಡಿಜಿಬೆಕ್’ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ನೆನಪಿನ ಬರಹಗಳೇ ಎರಡು ಸಾವಿರಕ್ಕೂ ಹೆಚ್ಚಿವೆ.

ಒಳಗೆ ಹೋಗಲು ಎರಡು ಬಾಗಿಲು. ಒಂದು, ಮ್ಯಾನ್‌ಹಟನ್ನಿನ ಸೆಂಟರ್ ಫಾರ್ ಜ್ಯೂಯಿಷ್ ಹಿಸ್ಟರಿಯ ಕೆಟಲಾಗು; ಲಿಯೋ ಬೆಕ್ ಅದೇ ಕಟ್ಟಡದಲ್ಲಿದೆ. ಇನ್ನೊಂದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲತಾಣ. ಸಂಗ್ರಹದ ಬಹುಭಾಗ ಅಲ್ಲೂ ಇದೆ. ಹುಡುಕುವುದಕ್ಕೆ ಮೊದಲನೆಯದು, ಇಳಿಸಿಕೊಳ್ಳುವುದಕ್ಕೆ ಎರಡನೆಯದು. ಕೆಟಲಾಗಿನಲ್ಲಿ ಬರುವ ಫಲಿತಾಂಶಗಳಲ್ಲಿ ಸಂಖ್ಯೆಯ ಹಿಂದೆ ‘ಎಂಇ’ ಇದ್ದರೆ ಅದು ನೆನಪಿನ ಬರಹ, ‘ಎಆರ್’ ಇದ್ದರೆ ಕಾಗದಪತ್ರಗಳ ಸಂಗ್ರಹ. ಹೊಸಬರು ಎಂಇಯಿಂದ ಶುರು ಮಾಡುವುದು ವಾಸಿ. ಬಹಳಷ್ಟು ಟೈಪ್ ಮಾಡಿದವು, ಎಷ್ಟೋ ಇಂಗ್ಲಿಷಿನಲ್ಲೇ ಇವೆ. ಜರ್ಮನ್ ಬಾರದ ಮೊಮ್ಮಕ್ಕಳಿಗೆಂದು ಅಜ್ಜಿಯರು ಬರೆದಿಟ್ಟದ್ದು. ಎಆರ್ ತೆರೆದರೆ ನೇರ ಸ್ಕ್ಯಾನಿಗೆ ಹಾರಬೇಡಿ. ಮೊದಲು ಫೈಂಡಿಂಗ್ ಏಡ್ ಎಂಬ ವಿವರಪಟ್ಟಿ ಓದಿ. ಕುಟುಂಬದ ಕಿರುಪರಿಚಯ, ಯಾವ ಪೆಟ್ಟಿಗೆಯ ಯಾವ ಫೋಲ್ಡರಿನಲ್ಲಿ ಏನಿದೆ ಎಂಬುದೆಲ್ಲ ಅಲ್ಲಿರುತ್ತದೆ. ಇದನ್ನು ಬಿಟ್ಟು ಪಿಡಿಎಫ್ ತೆರೆದವರು ನೂರಾರು ಪುಟಗಳ ನಡುವೆ ಯಾರದೋ ವಿಮೆಯ ರಸೀದಿ ನೋಡುತ್ತ ಕೂರುತ್ತಾರೆ.

ಇಸವಿಯ ಫಿಲ್ಟರ್ ನಂಬಬೇಡಿ. ಒಂದು ಕುಟುಂಬದ ಸಂಗ್ರಹ ಹದಿನೆಂಟನೆಯ ಶತಮಾನದ ಮದುವೆ ಕರಾರಿನಿಂದ ಮೊನ್ನೆಯ ವಂಶವೃಕ್ಷದ ತನಕ ಹರಡಿರಬಹುದು. ‘1900ರಿಂದ 1933’ ಎಂದು ಬಿಗಿ ಮಾಡಿದರೆ ಬೇಕಾದದ್ದೇ ತಪ್ಪಿಹೋಗುತ್ತದೆ. ಇಸವಿ ಬಿಟ್ಟು ಊರು, ವೃತ್ತಿ, ಸಂಘ, ಶಾಲೆಯ ಹೆಸರಿನಿಂದ ಹುಡುಕಿ. ಊರಿಗೆ ಅಂದಿನ ಜರ್ಮನ್ ಹೆಸರನ್ನೇ ಹಾಕಬೇಕು: ಇಂದಿನ ವ್ರೊತ್ಸ್ವಾಫ್ ಆಗ ಬ್ರೆಸ್ಲೌ, ಕಲಿನಿನ್‌ಗ್ರಾದ್ ಆಗ ಕೋನಿಗ್ಸ್‌ಬರ್ಗ್.

ಹೆಂಗಸರನ್ನು ಹುಡುಕುವುದರಲ್ಲಿ ಇನ್ನೂ ದೊಡ್ಡ ತೊಡಕಿದೆ. ಸಂಗ್ರಹಗಳು ಬಹುಮಟ್ಟಿಗೆ ಗಂಡನ ಅಥವಾ ಕುಟುಂಬದ ಹೆಸರಿನಲ್ಲಿವೆ. ಹೆಂಡತಿಯ ದಿನಚರಿ, ಅತ್ತೆಯ ಅಡುಗೆ ಪುಸ್ತಕ, ಮಗಳ ಶಾಲಾ ಅಂಕಪಟ್ಟಿ ಎಲ್ಲ ‘ಇತರೆ’ ಎಂಬ ಫೋಲ್ಡರಿನಲ್ಲಿ ಕೂತಿರುತ್ತವೆ. ತವರಿನ ಹೆಸರು ಗೊತ್ತಿದ್ದರೆ ಅದರಿಂದಲೂ ಹುಡುಕಬೇಕು. ದಾಖಲೆಗಳಲ್ಲಿ ‘ಗೆಬೊರೆನೆ’ ಎಂಬ ಪದದ ಅಥವಾ ಅದರ ಮೊದಲ ಮೂರು ಅಕ್ಷರಗಳ ಮುಂದೆ ಇರುವುದೇ ತವರಿನ ಹೆಸರು. ಬೆಂಗಳೂರಿನ ಓದುಗರಿಗೆ ಹತ್ತಿರದ ಉದಾಹರಣೆ ಕೊಡಬಹುದು. ಸಿ. ವಿ. ರಾಮನ್ ಕರೆಯ ಮೇಲೆ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಮತ್ತು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಬರ್ಲಿನ್ನಿನ ಆಟೋ ಕೋನಿಗ್ಸ್‌ಬರ್ಗರ್ ಸೋದರಮಾವ-ಸೋದರಳಿಯ. ಕೆಟಲಾಗಿನ ಕಣ್ಣಿಗೆ ಇವು ಸಂಬಂಧವೇ ಇಲ್ಲದ ಎರಡು ಹೆಸರು. ನಡುವಿನ ಕೊಂಡಿ ಒಬ್ಬ ಹೆಣ್ಣುಮಗಳು, ಹುಟ್ಟಿನಿಂದ ಬಾರ್ನ್, ಮದುವೆಯಿಂದ ಕೋನಿಗ್ಸ್‌ಬರ್ಗರ್. ಎರಡೂ ಹೆಸರು ಹಾಕದೆ ಇಂಥವರು ಸಿಗುವುದಿಲ್ಲ. ಜೊತೆಗೆ ಚುಕ್ಕಿಯಿರುವ ಜರ್ಮನ್ ಸ್ವರಗಳನ್ನು ಮೂರು ರೀತಿಯಲ್ಲಿ ಬರೆದು ನೋಡಬೇಕು: ಚುಕ್ಕಿಯೊಂದಿಗೆ, ಚುಕ್ಕಿಯ ಬದಲು ಪಕ್ಕದಲ್ಲೊಂದು ‘ಇ’ ಸೇರಿಸಿ, ಚುಕ್ಕಿ ಪೂರ್ತಿ ಬಿಟ್ಟು. ಅಮೆರಿಕಕ್ಕೆ ಬಂದ ಮೇಲೆ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಕಾಗುಣಿತ ಹಿಡಿದದ್ದುಂಟು.

ಇನ್ನು ಕೈಬರಹ. 1915ರಿಂದ ಜರ್ಮನಿಯ ದೊಡ್ಡ ಪ್ರಾಂತವಾದ ಪ್ರಷ್ಯದ ಶಾಲೆಗಳಲ್ಲಿ ಕಲಿಸಿದ್ದು ಸ್ಯೂಟರ್ಲಿನ್ ಲಿಪಿ. ಅದಕ್ಕೆ ಹಿಂದಿನವರು ಬರೆದದ್ದು ಕುರ್ರೆಂಟ್. ಇಂದಿನ ಜರ್ಮನರೇ ಇದನ್ನು ಸಲೀಸಾಗಿ ಓದಲಾರರು. ಇಂಗ್ಲಿಷ್ ವರ್ಣಮಾಲೆಯ ‘ಇ’ ಇಲ್ಲಿ ‘ಎನ್’ನಂತೆ ಕಾಣುತ್ತದೆ, ‘ಯು’ ತಲೆಯ ಮೇಲೊಂದು ಪುಟ್ಟ ಬಿಲ್ಲು ಇರುತ್ತದೆ, ‘ಎಚ್’ ಮೇಲೂ ಕೆಳಗೂ ಕುಣಿಕೆ ಹಾಕಿಕೊಂಡು ಸಾಲು ದಾಟುತ್ತದೆ. ಅಂಕಿಗಳಲ್ಲಿ ‘1’ ಅನ್ನು ನಾವು ‘7’ ಎಂದು ಓದುವ ಸಂಭವ ಹೆಚ್ಚು. ಅವರ ಏಳಿಗೆ ನಡುವೆ ಅಡ್ಡಗೆರೆ ಇದೆಯೇ ನೋಡಿ. ಇಂಟರ್ನೆಟ್ ಆರ್ಕೈವಿನ ಪಠ್ಯ-ಹುಡುಕಾಟ ಟೈಪ್ ಮಾಡಿದ ಪುಟಗಳಿಗೆ ಮಾತ್ರ ಲಾಯಕ್ಕು. ಕೈಬರಹದ ಮೇಲೆ ಅದು ಕೊಡುವುದು ಅರ್ಥವಿಲ್ಲದ ಅಕ್ಷರರಾಶಿ. ಟ್ರಾನ್ಸ್‌ಕ್ರಿಬಸ್ ಎಂಬ ಉಪಕರಣಕ್ಕೆ ಕುರ್ರೆಂಟ್ ಓದಲು ಬರುತ್ತದೆ, ಉಚಿತ ಬಳಕೆಗೆ ಮಿತಿಯಿದೆ. ಸ್ಕ್ಯಾನನ್ನು ಪೂರ್ಣ ಗಾತ್ರದಲ್ಲಿ ಇಳಿಸಿ ಕೊಟ್ಟರೆ ಫಲಿತಾಂಶ ಸುಧಾರಿಸುತ್ತದೆ, ಪರದೆಯ ಚಿತ್ರ ಕತ್ತರಿಸಿ ಕೊಟ್ಟರೆ ಕೆಡುತ್ತದೆ.

ಅಂಕಿಗಳಲ್ಲಿ ಇನ್ನೊಂದು ಗುಂಡಿ ಇದೆ. 1923ರ ಹಣದುಬ್ಬರದ ಕಾಲದ ಮನೆಖರ್ಚಿನ ಲೆಕ್ಕವನ್ನು ಯಂತ್ರಾನುವಾದಕ್ಕೆ ಕೊಟ್ಟಾಗ ಎಚ್ಚರ ಬೇಕು. ಜರ್ಮನ್ನಿನಲ್ಲಿ ಮಿಲಿಯಾರ್ಡೆ ಎಂದರೆ ನೂರು ಕೋಟಿ, ಬಿಲಿಯೋನ್ ಎಂದರೆ ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ಎಂದುಕೊಂಡರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ. ಆ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು ಎಂಬುದು ನೆನಪಿದ್ದರೆ ತಾಳೆ ನೋಡಬಹುದು.

ಇಷ್ಟು ಪಾಡುಪಟ್ಟ ಮೇಲೆ ಸಿಗುವುದೇನು? ಸಿಗುವುದು ಬಹಳ. ಮೊದಲಿಗೆ ಓದಿನ ಕಥೆ. ಹುಡುಗಿಯರಿಗೆ ವಿಶ್ವವಿದ್ಯಾಲಯದ ಬಾಗಿಲು ಬಾಡೆನ್ ಪ್ರಾಂತ 1900ರಲ್ಲಿ ತೆರೆಯಿತು, ಪ್ರಷ್ಯ 1908ರ ತನಕ ಕಾಯಿಸಿತು. ಜರ್ಮನಿಯ ಮೊದಲ ಹೆಣ್ಣುಮಕ್ಕಳ ಗಿಮ್ನಾಸಿಯಂ (ವಿಶ್ವವಿದ್ಯಾಲಯಕ್ಕೆ ಸಿದ್ಧಪಡಿಸುವ ಪ್ರೌಢಶಾಲೆ) 1893ರಲ್ಲಿ ಶುರುವಾದದ್ದೂ ಬಾಡೆನ್ನಿನ ಕಾರ್ಲ್ಸ್‌ರುಹೆಯಲ್ಲಿ. ಅಲ್ಲಿ ಕಲಿತು ಹೈಡೆಲ್‌ಬರ್ಗಿನಲ್ಲಿ ವೈದ್ಯಕೀಯ ಓದಿ, ಮ್ಯೂನಿಕ್‌ನಲ್ಲಿ ದವಾಖಾನೆ ನಡೆಸಿ, 1933ರಲ್ಲಿ ಪ್ಯಾಲೆಸ್ತೀನಿಗೆ ಹೋದ ರಾಹೆಲ್ ಷ್ಟ್ರೌಸ್ ಅವರ ನೆನಪುಗಳು ಸಂಸ್ಥೆಯ ಪ್ರಕಟಣೆಯಾಗಿ ಪುಸ್ತಕರೂಪದಲ್ಲೂ ಬಂದಿವೆ. ಆಲಿಸ್ ಸಾಲೊಮೊನ್ ಅವರ ಕಾಗದಗಳನ್ನೂ ನೋಡಲೇಬೇಕು. ಗಂಡಸಿಗೂ ಹೆಂಗಸಿಗೂ ಕೂಲಿ ಏಕೆ ಬೇರೆ ಎಂಬ ವಿಷಯದ ಮೇಲೆ 1906ರಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಬರ್ಲಿನ್ನಿನಲ್ಲಿ ಮಹಿಳೆಯರ ಸಮಾಜಕಾರ್ಯ ಶಾಲೆ ತೆರೆದವರು ಆಕೆ. 1914ರಲ್ಲಿ ಪ್ರಾಟೆಸ್ಟೆಂಟ್ ಆಗಿದ್ದರೂ ಯಹೂದಿ ಮೂಲದ ಕಾರಣಕ್ಕೆ 1937ರಲ್ಲಿ ದೇಶ ಬಿಡಬೇಕಾಯಿತು. ‘ಯಹೂದಿ ಮಹಿಳೆ’ ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವವರು ಈ ಫೋಲ್ಡರುಗಳನ್ನು ತಿರುವಿದರೆ ಒಳ್ಳೆಯದು.

ಸಂಘಜೀವನಕ್ಕೆ ಬರ್ತಾ ಪಾಪೆನ್‌ಹೈಮ್ ಸಂಗ್ರಹ. ಮನೋವಿಶ್ಲೇಷಣೆಯ ಚರಿತ್ರೆ ಇವರನ್ನು ‘ಅನ್ನಾ ಓ.’ ಎಂಬ ರೋಗಿಯಾಗಿ ಮಾತ್ರ ಕಂಡಿದೆ. ಯಹೂದಿ ಮಹಿಳಾ ಒಕ್ಕೂಟವನ್ನು 1904ರಲ್ಲಿ ಕಟ್ಟಿದವರು, 1907ರಲ್ಲಿ ಫ್ರಾಂಕ್‌ಫರ್ಟ್ ಬಳಿಯ ನಾಯ್-ಈಸೆನ್‌ಬುರ್ಗ್‌ನಲ್ಲಿ ಅವಿವಾಹಿತ ತಾಯಂದಿರಿಗೂ ಅಪಾಯದಲ್ಲಿದ್ದ ಹುಡುಗಿಯರಿಗೂ ಆಶ್ರಯಧಾಮ ತೆರೆದವರು ಇವರೇ. ಒಕ್ಕೂಟದ ಸದಸ್ಯೆಯರು ಸುಮಾರು 50,000. ಐದು ಲಕ್ಷ ಜನರ ಸಮುದಾಯದಲ್ಲಿ ಇದು ಎಷ್ಟು ದೊಡ್ಡ ಪಾಲು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಸಂಗ್ರಹದ ನಿಜವಾದ ಗಟ್ಟಿ ಭಾಗ 1933ರಿಂದ 1939. ಕಾಯ್ದೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಪ್ರತಿಯೊಂದೂ ಅಡುಗೆಮನೆಗೆ, ಮಕ್ಕಳ ಕೋಣೆಗೆ ಯಾವಾಗ ಬಂದು ತಲುಪಿತು ಎಂಬುದು ಕಾಣುತ್ತದೆ. 1933ರ ಏಪ್ರಿಲ್ 21ರ ಕಾಯ್ದೆ ಪ್ರಾಣಿಯನ್ನು ಪ್ರಜ್ಞೆ ತಪ್ಪಿಸದೆ ಕೊಯ್ಯುವುದನ್ನು ನಿಷೇಧಿಸಿತು. ಯಹೂದಿ ಧರ್ಮನಿಯಮದಂತೆ ಕೊಯ್ದ ಕೋಷರ್ ಮಾಂಸ ದುಬಾರಿಯಾಯಿತು, ಮಡಿ ಪಾಲಿಸುವ ಮನೆಗಳಲ್ಲಿ ಸಸ್ಯಾಹಾರದ ಅಡುಗೆ ಹೆಚ್ಚಿತು. ನಾಲ್ಕು ದಿನ ಬಿಟ್ಟು ಬಂದ ಇನ್ನೊಂದು ಕಾಯ್ದೆ ಶಾಲಾ ಕಾಲೇಜುಗಳ ಹೊಸ ದಾಖಲಾತಿಯಲ್ಲಿ ಯಹೂದಿ ಮಕ್ಕಳಿಗೆ ಶೇ 1.5ರ ಮಿತಿ ಹಾಕಿತು. 1935ರ ನ್ಯೂರೆಂಬರ್ಗ್ ಕಾಯ್ದೆಯ ಪ್ರಕಾರ 45 ವರ್ಷದೊಳಗಿನ ‘ಜರ್ಮನ್ ರಕ್ತದ’ ಹೆಂಗಸರು ಯಹೂದಿ ಮನೆಯಲ್ಲಿ ಕೆಲಸಕ್ಕಿರುವಂತಿಲ್ಲ. 1936ರ ಜನವರಿ 1ರಿಂದ ಜಾರಿ. ಇತಿಹಾಸದ ಪುಸ್ತಕಗಳಲ್ಲಿ ಇದು ಒಂದು ಸಾಲು. ಮಧ್ಯಮವರ್ಗದ ಮನೆಯಲ್ಲಿ ಹತ್ತು ಹದಿನೈದು ವರ್ಷ ಮಕ್ಕಳನ್ನು ಸಾಕಿದವಳು ಹೊರಟುಹೋಗುವುದು ಸಣ್ಣ ಸಂಗತಿಯಲ್ಲ. ಇಂಥ ಬೀಳ್ಕೊಡುಗೆಗಳನ್ನು ನೆನಪಿನ ಬರಹಗಳು ಮರೆಯುವುದಿಲ್ಲ.

1938ರ ನವೆಂಬರಿನಲ್ಲಿ ಯಹೂದಿಗಳ ಮೇಲೆ ನಡೆದ ಪೋಗ್ರೊಮ್ ಎಂಬ ಸಾಮೂಹಿಕ ದಾಳಿಯಲ್ಲಿ ಸುಮಾರು 30,000 ಗಂಡಸರನ್ನು ಶಿಬಿರಗಳಿಗೆ ಒಯ್ದರು. ಬಿಡಿಸಿಕೊಂಡು ಬರಲು ಗೆಸ್ಟಾಪೊ ಎಂಬ ಗುಪ್ತ ಪೊಲೀಸರ ಕಚೇರಿ, ಕಾನ್ಸುಲೇಟ್, ಹಡಗು ಕಂಪನಿ, ತೆರಿಗೆ ಕಚೇರಿ ಸುತ್ತಿದವರು ಹೆಂಡತಿಯರು. ವೀಸಾ ಅರ್ಜಿಯ ನಕಲು, ಶೇ 25ರ ವಲಸೆ ತೆರಿಗೆಯ ರಸೀದಿ, 1939ರ ಜನವರಿ 1ರಿಂದ ಯಹೂದಿ ಹೆಂಗಸರಿಗೆ ಕಡ್ಡಾಯವಾಗಿ ಅಂಟಿಸಿದ ‘ಸಾರಾ’ ಎಂಬ ಹೆಸರಿರುವ ಗುರುತಿನ ಚೀಟಿ, ಇವೆಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿದರೆ ಒಬ್ಬಳ ಓಡಾಟದ ಪೂರ್ತಿ ನಕ್ಷೆ ಸಿಗುತ್ತದೆ. ಸಾಮಾನು ಸಾಗಿಸಲು ಅಧಿಕಾರಿಗಳ ಮುಂದಿಡಬೇಕಿದ್ದ ಪಟ್ಟಿಗಳಿಗಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಎಷ್ಟು ಹಾಸಿಗೆ ಹೊದಿಕೆ, ಎಷ್ಟು ಚಮಚ, ಯಾವುದು ಹಳೆಯದು, ಯಾವುದು ಹೊಸದಾಗಿ ಕೊಂಡದ್ದು, ಎಲ್ಲ ಬರೆಯಬೇಕಿತ್ತು. ಒಂದು ಸಂಸಾರ ಹೇಗಿತ್ತು ಎಂದು ತಿಳಿಯಲು ಹತ್ತು ಪ್ರಬಂಧ ಬೇಡ, ಇಂಥದೊಂದು ಪಟ್ಟಿ ಸಾಕು.

ನೆನಪಿನ ಬರಹ ಆರಿಸುವಾಗ ಬರೆದ ಇಸವಿ ನೋಡಿಯೇ ಮುಂದೆ ಹೋಗಿ. 1970ರಲ್ಲಿ ಬರೆದವಳಿಗೆ ಕೊನೆ ಗೊತ್ತಿದೆ. 1928ರ ಸಂಜೆಯನ್ನೂ ಅವಳು ಆ ಬೆಳಕಿನಲ್ಲೇ ನೋಡುತ್ತಾಳೆ. ಹಾರ್ವರ್ಡ್‌ನ ಮೂವರು ಪ್ರಾಧ್ಯಾಪಕರು 1939ರಲ್ಲಿ ‘1933ರ ಜನವರಿ 30ರ ಮುಂಚೆ ಮತ್ತು ನಂತರ ಜರ್ಮನಿಯಲ್ಲಿ ನನ್ನ ಬದುಕು’ ಎಂಬ ವಿಷಯದ ಮೇಲೆ ಸಾವಿರ ಡಾಲರ್ ಬಹುಮಾನದ ಪ್ರಬಂಧ ಸ್ಪರ್ಧೆ ಇಟ್ಟಿದ್ದರು; ಆ ಜನವರಿ 30 ಹಿಟ್ಲರ್ ಅಧಿಕಾರಕ್ಕೆ ಬಂದ ದಿನ. 1940ರ ಏಪ್ರಿಲ್ 1ರೊಳಗೆ ಕಳಿಸಬೇಕಿತ್ತು. ಹಾಗಾಗಿ ಆ ಬರಹಗಳಲ್ಲಿ ಗ್ಯಾಸ್ ಕೋಣೆಗಳ ನೆರಳು ಇಲ್ಲ. ಮೂಲಗಳು ಹಾರ್ವರ್ಡ್‌ನ ಹೌಟನ್ ಗ್ರಂಥಾಲಯದಲ್ಲಿವೆ. ಕೆಲವಕ್ಕೆ ಲಿಯೋ ಬೆಕ್‌ನಲ್ಲೂ ಪ್ರತಿಗಳಿವೆ. ಎರಡರಲ್ಲಿ ಒಂದನ್ನೇ ಓದಲು ಸಮಯವಿದ್ದರೆ 1940ರದನ್ನೇ ಓದಿ.

ಸಂಗ್ರಹದ ಓರೆಯನ್ನೂ ಹೇಳಬೇಕು. ಕಾಗದ ಉಳಿದದ್ದು ಯಾರಾದರೊಬ್ಬರು ಪಾರಾದ ಮನೆಗಳದ್ದು. ಬರ್ಲಿನ್, ಫ್ರಾಂಕ್‌ಫರ್ಟ್, ಬ್ರೆಸ್ಲೌನ ಡಾಕ್ಟರು, ವಕೀಲರು, ಜವಳಿ ವ್ಯಾಪಾರಿಗಳ ಹೆಂಡತಿಯರು ಕಿಕ್ಕಿರಿದಿದ್ದಾರೆ. ಹೆಸ್ಸೆನ್ನಿನ ಹಳ್ಳಿಯ ದನದ ವ್ಯಾಪಾರಿಯ ಹೆಂಡತಿ, ಪೋಲೆಂಡಿನಿಂದ ಬಂದು ಹೊಲಿಗೆ ಮಾಡುತ್ತಿದ್ದವಳು ವಿರಳ. ಗಂಡಸರು ಮೊದಲು ಹೋಗಿ ಮನೆಯವರನ್ನು ಆಮೇಲೆ ಕರೆಸಿಕೊಳ್ಳುವುದು, ಹೆಣ್ಣುಮಕ್ಕಳು ಮುದಿ ತಂದೆತಾಯಿಯ ಜೊತೆ ಉಳಿಯುವುದು ವಾಡಿಕೆಯಾಗಿತ್ತು. 1933ರಲ್ಲಿ ಸಮುದಾಯದಲ್ಲಿ ಶೇ 52ರಷ್ಟಿದ್ದ ಹೆಂಗಸರು 1939ಕ್ಕೆ ಶೇ 57 ದಾಟಿದ್ದು ಹೀಗೆ. ಹಾಗೆ ಉಳಿದವರು ಈ ಸಂಗ್ರಹದಲ್ಲಿ ಇನ್ನೊಬ್ಬರಿಗೆ ಬರೆದ ಪತ್ರಗಳಲ್ಲಿ ಮಾತ್ರ ಸಿಗುತ್ತಾರೆ. ಆದ್ದರಿಂದ ವಿದೇಶದಲ್ಲಿದ್ದ ಮಗನ ಫೋಲ್ಡರಿನಲ್ಲಿ ತಾಯಿಯನ್ನು ಹುಡುಕಿ. ಯುದ್ಧ ಶುರುವಾದ ಮೇಲೆ ಆ ಪತ್ರಗಳೂ ರೆಡ್‌ಕ್ರಾಸ್ ನಮೂನೆಯ 25 ಪದಗಳಿಗೆ ಇಳಿಯುತ್ತವೆ.

ಈ ಕೊರತೆ ಸ್ವಲ್ಪ ಮಟ್ಟಿಗೆ ತುಂಬುವುದು ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯ ಗ್ರಂಥಾಲಯದ ‘ಕಾಂಪ್ಯಾಕ್ಟ್ ಮೆಮರಿ’. 1938ರ ತನಕದ ಯಹೂದಿ ಪತ್ರಿಕೆಗಳು ಅಲ್ಲಿ ಉಚಿತ. ಸಂಪಾದಕೀಯ ಬಿಟ್ಟು ಕೊನೆಯ ಪುಟಗಳ ಜಾಹೀರಾತಿಗೆ ಹೋಗಿ: ವಧೂವರರು, ಅಡುಗೆಯವರು ಬೇಕಾಗಿದ್ದಾರೆ, ಕೋಷರ್ ಊಟದ ವಸತಿಗೃಹ. ದಿನನಿತ್ಯದ ಬದುಕು ಅಲ್ಲೇ ಇದೆ. 1935ರ ಡಿಸೆಂಬರ್ 27ರಂದು ಓಫೆನ್‌ಬಾಖ್‌ನಲ್ಲಿ ರಬ್ಬಿ ದೀಕ್ಷೆ ಪಡೆದ ಮೊದಲ ಮಹಿಳೆ ರೆಗಿನಾ ಯೋನಾಸ್ ಅವರ ಕಾಗದಗಳು ಬೇಕಿದ್ದರೆ ಬರ್ಲಿನ್ನಿನ ಸೆಂಟ್ರುಮ್ ಯುಡಾಯಿಕುಮ್ ಎಂಬ ಸಂಸ್ಥೆಯನ್ನು ಕೇಳಬೇಕು.

ಅಮೆರಿಕದ ಪೂರ್ವ ಕರಾವಳಿಯ ಕನ್ನಡಿಗರು ಮ್ಯಾನ್‌ಹಟನ್ನಿನ 16ನೇ ಬೀದಿಯ ಓದುವ ಕೋಣೆಗೇ ಹೋಗಬಹುದು. ಬರ್ಲಿನ್ನಿನಲ್ಲಿರುವವರಿಗೆ ಯಹೂದಿ ಸಂಗ್ರಹಾಲಯದಲ್ಲಿ ಸಂಸ್ಥೆಯ ಶಾಖೆಯಿದೆ. ಎರಡಕ್ಕೂ ಮುಂಚಿತವಾಗಿ ಬರೆದು, ಬೇಕಾದ ಸಂಖ್ಯೆಗಳನ್ನು ತಿಳಿಸಿ ಹೋಗುವುದು ಲೇಸು. ಮನೆಯಲ್ಲೇ ಕೂತು ಓದುವವರು ಇಳಿಸಿದ ಪ್ರತಿ ಕಡತಕ್ಕೂ ಎಆರ್ ಅಥವಾ ಎಂಇ ಸಂಖ್ಯೆ, ಪೆಟ್ಟಿಗೆ, ಫೋಲ್ಡರ್, ಸ್ಕ್ಯಾನಿನ ಪುಟಸಂಖ್ಯೆ ಅಲ್ಲೇ ಬರೆದಿಡಬೇಕು. ಒಂದೇ ಫೋಲ್ಡರಿನಲ್ಲಿ ಮೂವರು ಬೆಟ್ಟಿಯರಿರಬಹುದು, ಆಮೇಲೆ ಯಾರು ಯಾರೆಂದು ತಿಳಿಯುವುದಿಲ್ಲ. ಓದುವುದು ಉಚಿತವಾದರೂ ಫೋಟೊ ಅಥವಾ ಉದ್ದದ ಉದ್ಧರಣೆ ಪ್ರಕಟಿಸುವುದಕ್ಕೆ ಅನುಮತಿ ಬೇರೆ ಕೇಳಬೇಕು. ಎಷ್ಟೋ ಬರಹಗಳ ಹಕ್ಕು ಇನ್ನೂ ಆ ಮನೆಯವರ ಬಳಿಯೇ ಇದೆ.