ಜಿಎಸ್‌ಟಿ ನೋಟಿಸಿನ ಸಂಖ್ಯೆ ಪರಿಶೀಲನೆ: ಪತ್ರ ಅಸಲಿ ಎಂದು ತಿಳಿದ ಮೇಲೆ ಏನು?

ಜಿಎಸ್‌ಟಿ ಅಧಿಕಾರಿಗಳ ಹೆಸರಿನಲ್ಲಿ ಬಂದ ಸಮನ್ಸ್ ಅಥವಾ ನೋಟಿಸ್ ನಿಜವಾಗಿಯೂ ಇಲಾಖೆಯದೇ ಎಂಬುದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದಾದ ಎರಡು ಸೇವೆಗಳು ಅಂತರ್ಜಾಲದಲ್ಲಿವೆ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯ ಪತ್ರಗಳಲ್ಲಿ ಡಿಐಎನ್ (ದಾಖಲೆ ಗುರುತಿನ ಸಂಖ್ಯೆ) ಎಂಬ ಸಂಖ್ಯೆ ಇರುತ್ತದೆ. ಅದನ್ನು ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬಹುದು. ರಾಜ್ಯದ ತೆರಿಗೆ ಅಧಿಕಾರಿಗಳ ಪತ್ರಗಳಿಗೆ ಕೊಡುವ ಆರ್‌ಎಫ್‌ಎನ್ ಎಂಬ ಉಲ್ಲೇಖ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಆಗದೆಯೇ ಪರಿಶೀಲಿಸಬಹುದು. ಎರಡಕ್ಕೂ ಶುಲ್ಕವಿಲ್ಲ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವವನಾಗಿ ನಾನು ಈ ಸೇವೆಗಳನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಇವು ಎಲ್ಲಿಗೆ ನಿಲ್ಲುತ್ತವೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗಿದೆ.

ಬಳಕೆ ಸರಳವಾಗಿದೆ. ಪತ್ರದ ಮೇಲಿರುವ ಸಂಖ್ಯೆಯನ್ನು ನಮೂದಿಸಿದರೆ ಅದು ದಾಖಲೆಯಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವ ಕಚೇರಿಯಿಂದ ಯಾವ ದಿನಾಂಕದಂದು ಹೊರಟಿತು ಎಂಬುದು ತಿಳಿಯುತ್ತದೆ. ನಕಲಿ ಸಮನ್ಸ್ ಕಳಿಸಿ ಹಣ ಕೀಳುವವರ ಬಗ್ಗೆ ಮಂಡಳಿಯೇ ಎಚ್ಚರಿಕೆ ನೀಡಿರುವ ಈ ಕಾಲದಲ್ಲಿ ಇಷ್ಟು ಮಾಹಿತಿಯೇ ದೊಡ್ಡ ಆಸರೆ. ಬಂದ ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡುವ ಮೊದಲು, ಅದರಲ್ಲಿರುವ ಕೊಂಡಿಯನ್ನು ಒತ್ತುವ ಮೊದಲು, ಜಾಲತಾಣದ ವಿಳಾಸವನ್ನು ನಾವೇ ಬರೆದು ಒಳಗೆ ಹೋಗಿ ಪರಿಶೀಲಿಸುವುದು ಒಳ್ಳೆಯದು.

ಈ ಸಂಖ್ಯೆ ಬರೀ ಕಡತದ ಗುರುತಲ್ಲ. 2019ರ ನವೆಂಬರ್ 5ರ ಸುತ್ತೋಲೆಯಲ್ಲಿ ಮಂಡಳಿಯು ಶೋಧದ ಆದೇಶ, ಸಮನ್ಸ್, ಬಂಧನದ ಪತ್ರ, ತಪಾಸಣೆಯ ನೋಟಿಸ್ ಇವುಗಳಿಗೆ ಡಿಐಎನ್ ಕಡ್ಡಾಯ ಮಾಡಿತು; ಅದೇ ಡಿಸೆಂಬರಿನಲ್ಲಿ ಉಳಿದ ಪತ್ರಗಳಿಗೂ ಅದನ್ನು ವಿಸ್ತರಿಸಿತು. ತಾಂತ್ರಿಕ ತೊಂದರೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಂಖ್ಯೆಯಿಲ್ಲದ ಪತ್ರವು ಅಸಿಂಧು, ಅದನ್ನು ಹೊರಡಿಸಿಯೇ ಇಲ್ಲವೆಂದು ಭಾವಿಸತಕ್ಕದ್ದು ಎಂದು ಆ ಸುತ್ತೋಲೆ ಹೇಳುತ್ತದೆ. ರಾಜ್ಯಗಳಲ್ಲಿಯೂ ಇಂಥ ವ್ಯವಸ್ಥೆ ಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದನ್ನು ಜಾರಿಗೆ ತಂದಿದ್ದ ರಾಜ್ಯಗಳಾಗಿ ಹೆಸರಿಸಲ್ಪಟ್ಟವು ಕರ್ನಾಟಕ ಮತ್ತು ಕೇರಳ ಮಾತ್ರ. 2022ರ ಜುಲೈನಲ್ಲಿ ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠವು ಇತರ ರಾಜ್ಯಗಳಿಗೂ ಸಲಹೆ ನೀಡುವಂತೆ ಕೇಂದ್ರಕ್ಕೂ ಜಿಎಸ್‌ಟಿ ಕೌನ್ಸಿಲ್‌ಗೂ ಸೂಚಿಸಿತು. ನಮ್ಮ ರಾಜ್ಯ ಈ ವಿಷಯದಲ್ಲಿ ಮುಂದಿದ್ದುದು ಮೆಚ್ಚತಕ್ಕ ಸಂಗತಿ. ಕೇಂದ್ರದ ಅಧಿಕಾರಿಗಳದೇ ಆದರೂ ಪೋರ್ಟಲಿನ ಮೂಲಕವೇ ಹೊರಟು ಆರ್‌ಎಫ್‌ಎನ್ ಹೊಂದಿರುವ ಪತ್ರಕ್ಕೆ ಪ್ರತ್ಯೇಕ ಡಿಐಎನ್ ಬೇಕಿಲ್ಲವೆಂದು 2025ರ ಜೂನ್‌ನಲ್ಲಿ ಮಂಡಳಿ ಸ್ಪಷ್ಟಪಡಿಸಿರುವುದರಿಂದ, ಡಿಐಎನ್ ಕಾಣದ ಮಾತ್ರಕ್ಕೆ ಪತ್ರವನ್ನು ಬದಿಗಿಡುವುದು ಈಗ ಸರಿಯಲ್ಲ.

ಸೇವೆಯ ಕೊರತೆ ಎದ್ದು ಕಾಣುವುದು ಸಂಖ್ಯೆ ಸರಿಯಿದೆ ಎಂಬ ಉತ್ತರ ಬಂದ ನಂತರ. ಪತ್ರ ಅಸಲಿ ಎಂದು ಗೊತ್ತಾದ ಕೂಡಲೇ ವ್ಯಾಪಾರಿ ಕೇಳುವುದು ಒಂದೇ ಪ್ರಶ್ನೆ: ಈಗ ಇವರು ನನ್ನಿಂದ ಏನೇನು ಮಾಡಿಸಬಹುದು? 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಬಂದಾಗ ಹಲವರು ಕ್ಯೂಆರ್ ಕೋಡ್ ಫಲಕಗಳನ್ನೇ ಇಳಿಸಿದ್ದು ಈ ಪ್ರಶ್ನೆಗೆ ಉತ್ತರ ಸಿಗದ ಭಯದಿಂದ. ವಿವರಣೆ ಕೇಳುವ ನೋಟಿಸಿಗೂ ಅಂತಿಮ ಆದೇಶಕ್ಕೂ ಇರುವ ಅಂತರವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಪರಿಶೀಲನೆಯ ಪುಟವೂ ಅದನ್ನು ಹೇಳುವುದಿಲ್ಲ. ಕಚೇರಿಯ ಹೆಸರು ತೋರಿಸಿ ಅದು ಸುಮ್ಮನಾಗುತ್ತದೆ.

ಕಾನೂನಿನಲ್ಲಿ ಉತ್ತರವಿದೆ. ಸಮನ್ಸ್ ಬಂದರೆ ಹಾಜರಾಗಲೇಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 70ನೇ ಕಲಮಿನ ಅಡಿ ಆ ವಿಚಾರಣೆಯನ್ನು ನ್ಯಾಯಿಕ ನಡವಳಿಯೆಂದೇ ಪರಿಗಣಿಸಲಾಗುತ್ತದೆ, ಹಾಜರಾಗದಿದ್ದರೆ 25,000 ರೂಪಾಯಿವರೆಗೆ ದಂಡವಿದೆ. ಆದರೆ ಆ ಅಧಿಕಾರಕ್ಕೂ ಬೇಲಿಯಿದೆ. ಸೂಪರಿಂಟೆಂಡೆಂಟರು ಸಮನ್ಸ್ ಕೊಡಬೇಕಾದರೆ ಮೇಲಧಿಕಾರಿಯ ಲಿಖಿತ ಪೂರ್ವಾನುಮತಿ ಬೇಕು, ಪೋರ್ಟಲಿನಲ್ಲಿಯೇ ಸಿಗುವ ದಾಖಲೆಗಳಿಗಾಗಿ ಸಮನ್ಸ್ ಕೊಡಬಾರದು ಎಂದು ಮಂಡಳಿಯ 2022ರ ಆಗಸ್ಟ್ 17ರ ಸೂಚನೆ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಣದ ವಿಷಯ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲ, ವಸೂಲು ಮಾಡುವಂತೆಯೂ ಇಲ್ಲ ಎಂಬುದು ಸಂವಿಧಾನದ 265ನೇ ವಿಧಿ. ಶೋಧ ನಡೆಯುತ್ತಿರುವಾಗ, ತನಿಖೆಯ ಮೇಜಿನ ಮುಂದೆ ಕೂರಿಸಿಕೊಂಡಿರುವಾಗ ಇನ್ನೂ ನಿರ್ಧಾರವಾಗದ ತೆರಿಗೆಯನ್ನು ವಸೂಲು ಮಾಡುವ ಪ್ರಸಂಗವೇ ಇಲ್ಲವೆಂದು ಮಂಡಳಿಯು 2022ರ ಮೇ 25ರ ಸೂಚನೆಯಲ್ಲಿ ತನ್ನ ಅಧಿಕಾರಿಗಳಿಗೇ ತಿಳಿಸಿದೆ. ವ್ಯಾಪಾರಿ ತಾನಾಗಿ ಡಿಆರ್‌ಸಿ-03 ನಮೂನೆಯಲ್ಲಿ ಕಟ್ಟಲು ಅಡ್ಡಿಯಿಲ್ಲ. ಆ ಮನಸ್ಸು ನಿಜಕ್ಕೂ ಅವನದೇ ಆಗಿರಬೇಕು.

ಇದಕ್ಕೆ ನಮ್ಮ ಹೈಕೋರ್ಟಿನ ತೀರ್ಪೇ ಒಳ್ಳೆಯ ಉದಾಹರಣೆ. ಸ್ವಿಗ್ಗಿ ನಡೆಸುತ್ತಿದ್ದ ಬೆಂಗಳೂರಿನ ಬಂಡಲ್ ಟೆಕ್ನಾಲಜೀಸ್ ಕಂಪನಿಯು 2019ರಲ್ಲಿ ತನಿಖೆ ನಡೆಯುತ್ತಿದ್ದಾಗ ಎರಡು ಕಂತುಗಳಲ್ಲಿ, ಅದೂ ರಾತ್ರಿಯ ಅಪವೇಳೆಯಲ್ಲಿ, ಸುಮಾರು 27.51 ಕೋಟಿ ರೂಪಾಯಿ ಕಟ್ಟಿತ್ತು. ಕಂಪನಿ ತಾನೇ ಲೆಕ್ಕ ಹಾಕಿ ಸ್ವಇಚ್ಛೆಯಿಂದ ಕಟ್ಟಿದ ತೆರಿಗೆ ಇದು ಎಂಬ ಇಲಾಖೆಯ ವಾದವನ್ನು 2021ರಲ್ಲಿ ಏಕಸದಸ್ಯ ಪೀಠ ಒಪ್ಪಲಿಲ್ಲ. 2022ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠವೂ ಮರುಪಾವತಿಯ ಆದೇಶವನ್ನು ಎತ್ತಿಹಿಡಿಯಿತು. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು ಬಂಧನದ ಬೆದರಿಕೆಯೊಡ್ಡಿ ತೆರಿಗೆ ಕಟ್ಟಿಸುವಂತಿಲ್ಲ, ಹಾಗೆ ಕಟ್ಟಿದವರು ನ್ಯಾಯಾಲಯಕ್ಕೆ ಬಂದು ಹಣ ಹಿಂದಕ್ಕೆ ಕೇಳಬಹುದು ಎಂದು ಹೇಳಿತು. ಕೋಟಿಗಟ್ಟಲೆ ವಹಿವಾಟಿನ ಕಂಪನಿಗೆ ಹಿರಿಯ ವಕೀಲರು ಸಿಗುತ್ತಾರೆ. ತಿಪಟೂರಿನ ಕೊಬ್ಬರಿ ಮಂಡಿಯವರಿಗೋ ರಾಣೆಬೆನ್ನೂರಿನ ಬೀಜದಂಗಡಿಯವರಿಗೋ ಆ ಗಳಿಗೆಯಲ್ಲಿ ಸಿಗುವುದು ಕೈಯಲ್ಲಿರುವ ಮೊಬೈಲ್ ಒಂದೇ, ಅದರಲ್ಲಿ ತೆರೆಯುವ ಇದೇ ಪರಿಶೀಲನೆಯ ಪುಟ.

ಆದ್ದರಿಂದಲೇ ಆ ಪುಟದಲ್ಲಿ ಕನ್ನಡ ಇಲ್ಲದಿರುವುದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಸಂಖ್ಯೆ ಸರಿಯಿದೆ ಎಂಬ ಉತ್ತರದ ಕೆಳಗೆ ಆ ಪತ್ರ ಯಾವ ಬಗೆಯದು, ಉತ್ತರಿಸಲು ಎಷ್ಟು ದಿನವಿದೆ, ಹಾಜರಾಗುವುದಷ್ಟೇ ಕಡ್ಡಾಯವೋ ಹಣ ಕಟ್ಟುವುದೂ ಕಡ್ಡಾಯವೋ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಸೇರಿಸುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಬಲವಂತದ ದೂರು ಬಂದರೆ ಬೇಗನೆ ವಿಚಾರಿಸಿ, ತಪ್ಪು ಕಂಡುಬಂದಲ್ಲಿ ಕಟ್ಟುನಿಟ್ಟಿನ ಶಿಸ್ತುಕ್ರಮ ಕೈಗೊಳ್ಳಬೇಕೆಂದು ಮೇ 25ರ ಅದೇ ಸೂಚನೆಯಲ್ಲಿದೆ. ದೂರನ್ನು ಯಾರಿಗೆ ಬರೆಯಬೇಕೆಂಬ ವಿಳಾಸವನ್ನೂ ಅಲ್ಲಿಯೇ ಕೊಡಬೇಕು. ಅಲ್ಲಿಯವರೆಗೆ ಈ ಸೇವೆಯನ್ನು ಬಳಸುವವರು ಫಲಿತಾಂಶದ ಪುಟವನ್ನು ದಿನಾಂಕ ಸಹಿತ ಉಳಿಸಿಕೊಂಡು, ಶೋಧ ನಡೆದಿದ್ದರೆ ಮಹಜರಿನ ಪ್ರತಿಯನ್ನೂ ಜೊತೆಗಿಟ್ಟುಕೊಂಡು, ಯಾವುದೇ ಚಲನ್ ತುಂಬುವ ಮೊದಲೇ ತಿಳಿದವರ ಬಳಿ ಹೋಗಲಿ.